‘ಫಾರೆಸ್ಟು’ ಎಂಬ ಶಬ್ದದ ವಿಚಾರ

ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ ಇಂಗ್ಲಿಷಿನ ಅಕ್ಷರವನ್ನೇ ಕಾಣದ ಮುದುಕಿಯರ ಬಾಯಲ್ಲಿಯೂ ಸಲೀಸಾಗಿ ಹೊರಡುವ ಇಂಗ್ಲಿಷ್ ಮಾತುಗಳು ಕೆಲವುಂಟು. ಅವುಗಳಲ್ಲಿ ‘ಫಾರೆಸ್ಟು’ ಎಂಬುದೊಂದು. ಈ ಮಾತನ್ನು ಆ ಜನರು ಬಳಸುವ ಬಗೆಯನ್ನು ಸ್ವಲ್ಪ ಕಿವಿಗೊಟ್ಟು ಕೇಳಿದರೆ ಒಂದು ವಿಶೇಷವು ಗೋಚರವಾಗುತ್ತದೆ. ದನವು ಮೇಯಲು ಹೋಗುವುದು ಕಾಡಿಗೆ. ಅದನ್ನು ಹಿಡಿದು ಕಟ್ಟುವುದು ಫಾರೆಸ್ಟು. ಆನೆ ಬರುವುದು ಕಾಡಿನಿಂದ. ಆನೆ ತುಳಿದ ರಾಗಿಗೆ ಪರಿಹಾರ ಬೇಕೆಂದು ಅರ್ಜಿ ಕೊಡುವುದು ಫಾರೆಸ್ಟಿಗೆ. ‘ಫಾರೆಸ್ಟು ಬಂತು’ ಎಂದರೆ ಮರಗಳು ಎದ್ದು ನಡೆದು ಬಂದುವೆಂದು ಯಾರೂ ತಿಳಿಯುವುದಿಲ್ಲ. ಖಾಕಿಯ ಉಡುಪಿನವರು ಜೀಪಿನಲ್ಲಿ ಬಂದರೆಂದು ತಿಳಿಯುತ್ತಾರೆ. ಒಂದು ಜಮೀನು ‘ಫಾರೆಸ್ಟಿಗೆ ಹೋಯಿತು’ ಎಂದರೆ ಅಲ್ಲಿ ಗಿಡ ಬೆಳೆಯಿತೆಂದಲ್ಲ, ಇನ್ನು ಅಲ್ಲಿಗೆ ಕಾಲಿಡಲು ಅಪ್ಪಣೆ ಬೇಕೆಂದು ಅರ್ಥ.

ಇದನ್ನು ಕೇಳಿ ಓದಿದವರು ನಗುವುದುಂಟು. ನಿಘಂಟನ್ನು ತೆರೆದರೆ ‘ಮರಗಳು ದಟ್ಟವಾಗಿ ಬೆಳೆದ ವಿಸ್ತಾರವಾದ ಭೂಮಿ’ ಎಂಬುದೇ ಆ ಶಬ್ದದ ಅರ್ಥವಾಗಿ ದೊರೆಯುತ್ತದೆ. ಹಳ್ಳಿಯವರು ಇಲಾಖೆಯ ಹೆಸರನ್ನು ತಪ್ಪಾಗಿ ಹಿಡಿದು ಕಾಡಿಗೂ ಇಲಾಖೆಗೂ ಭೇದವನ್ನು ಕಲ್ಪಿಸಿಕೊಂಡರೆಂದು ಅವರ ಎಣಿಕೆ. ಆದರೆ ಶಬ್ದದ ಚರಿತ್ರೆಯನ್ನು ಹಿಡಿದು ಹಿಂದಕ್ಕೆ ಹೋದರೆ ನಗೆಯು ನಿಲ್ಲಬೇಕಾಗುತ್ತದೆ. ಇಂಗ್ಲಿಷಿನವರೇ ಬಹುಮಟ್ಟಿಗೆ ಮರೆತುಬಿಟ್ಟ ಆ ಮಾತಿನ ಮೂಲಾರ್ಥವನ್ನು ಹೆಗ್ಗಡದೇವನಕೋಟೆಯ ಮುದುಕಿ ಅರಿಯದೆಯೇ ಉಳಿಸಿಕೊಂಡಿದ್ದಾಳೆ.

ಇಂಗ್ಲಿಷಿನಲ್ಲಿ ಕಾಡಿಗೆ ‘ವುಡ್’ ಎಂಬ ದೇಶ್ಯಪದವು ಮೊದಲಿನಿಂದಲೂ ಇದ್ದಿತು. 1066ರಲ್ಲಿ ನಾರ್ಮನ್ ದೊರೆ ವಿಲಿಯಂ ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಭಾಷೆಯ ದಾರಿಯಿಂದ ‘ಫಾರೆಸ್ಟ್’ ಅಲ್ಲಿಗೆ ಬಂದಿತು. ಗೆದ್ದವರು ತಂದ ಮಾತು ಅದು. ಅದರ ಅರ್ಥ ಮರವಲ್ಲ, ಕಟ್ಟಳೆ. ಅರಸನು ತನ್ನ ಬೇಟೆಗೆಂದು ಮೀಸಲಿಟ್ಟು, ನಾಡಿನ ಸಾಮಾನ್ಯ ನ್ಯಾಯದಿಂದ ಹೊರಗೆ ತೆಗೆದು, ಬೇರೆ ಶಾಸನಕ್ಕೂ ಬೇರೆ ಅಧಿಕಾರಿಗಳಿಗೂ ಒಳಪಡಿಸಿದ ಪ್ರದೇಶವೇ ಫಾರೆಸ್ಟು. ಅದರೊಳಗೆ ಕಾಡಿರಬಹುದು, ಹುಲ್ಲುಗಾವಲಿರಬಹುದು, ಊರುಗಳೇ ಇರಬಹುದು. ಡಾರ್ಟ್‌ಮೂರ್ ಎಂಬ ಬಹುಪಾಲು ಬೋಳಾದ ಎತ್ತರದ ಬಯಲು ಶತಮಾನಗಳ ಕಾಲ ಫಾರೆಸ್ಟೆನಿಸಿಕೊಂಡಿತ್ತು. ‘ಅಫಾರೆಸ್ಟ್’ ಎಂಬ ಕ್ರಿಯಾಪದಕ್ಕೆ ಇಂದು ಸಸಿ ನೆಡುವುದೆಂದು ಅರ್ಥ. ಅಂದು ಅದಕ್ಕೆ ಒಂದು ಭೂಮಿಯನ್ನು ಈ ಕಟ್ಟಳೆಯೊಳಗೆ ಸೇರಿಸುವುದೆಂದು ಅರ್ಥ. ಒಂದು ಸಸಿಯನ್ನೂ ನೆಡದೆ, ಕೇವಲ ಅಪ್ಪಣೆಯಿಂದ, ಇಡೀ ಸೀಮೆಯನ್ನು ಹಾಗೆ ‘ಅಫಾರೆಸ್ಟು’ ಮಾಡಬಹುದಾಗಿತ್ತು. ಇದರ ಹಾವಳಿಯನ್ನು ತಾಳಲಾರದೆ ಜನರು ಕೂಗಿಕೊಂಡುದರ ಫಲವಾಗಿ 1217ರಲ್ಲಿ ಮೂರನೆಯ ಹೆನ್ರಿಯ ಹೆಸರಿನಲ್ಲಿ ‘ಫಾರೆಸ್ಟಿನ ಸನದು’ ಹೊರಟಿತು. ಅರಸನ ಜಿಂಕೆಯನ್ನು ಕೊಂದವನ ಪ್ರಾಣವನ್ನಾಗಲಿ ಅಂಗವನ್ನಾಗಲಿ ತೆಗೆಯಕೂಡದೆಂದು ಅದರಲ್ಲಿ ವಿಧಿಸಲ್ಪಟ್ಟಿತೆಂದ ಮೇಲೆ ಅದಕ್ಕೆ ಮೊದಲು ಏನು ನಡೆಯುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು. ಆ ಸನದಿನ ಉಳಿದ ವಿಧಿಗಳು ಇಂಗ್ಲೆಂಡಿನಲ್ಲಿ ರದ್ದಾದದ್ದು 1971ರಲ್ಲಿ. ಕಾಕನಕೋಟೆಯ ಕಡೆಯ ಖೆಡ್ಡಾ ನಡೆದದ್ದೂ ಅದೇ ವರ್ಷ. ಇದು ಕಾಕತಾಳೀಯವೇ ಹೊರತು ಬೇರೇನೂ ಅಲ್ಲ.

ಇನ್ನು ವ್ಯುತ್ಪತ್ತಿ. ಏಳನೆಯ ಶತಮಾನದಿಂದೀಚೆಗೆ ಫ್ರಾಂಕ್ ದೊರೆಗಳ ಲ್ಯಾಟಿನ್ ಶಾಸನಗಳಲ್ಲಿ ‘ಫೊರೆಸ್ಟಿಸ್’ ಎಂಬ ರೂಪವು ಕಾಣುತ್ತದೆ. ಅದು ‘ಫೊರಿಸ್’ ಎಂಬುದರಿಂದ ಬಂದಿತೆಂಬುದು ಬಹುಜನ ಪಂಡಿತರ ಮತ. ‘ಫೊರಿಸ್’ ಎಂದರೆ ಹೊರಗೆ. ನ್ಯಾಯಸಭೆಗೆ ಹೆಸರಾದ ‘ಫೋರಂ’ ಎಂಬುದರಿಂದ ಬಂದಿತೆಂದು ಇನ್ನೊಂದು ಪಕ್ಷವೂ ಉಂಟು. ಹಾಗಾದರೂ ಕಟ್ಟಳೆಯ ಅರ್ಥವೇ ಬಲಪಡುತ್ತದೆಯಾಗಿ ಇಲ್ಲಿ ಹಾನಿಯಿಲ್ಲ. ಈ ‘ಫೊರಿಸ್’ ಎಂಬುದಕ್ಕೆ ಬಾಗಿಲೆಂದೂ ಅರ್ಥವಿದೆ. ಬಾಗಿಲಾಚೆಯದು ಹೊರಗಿನದು, ಅಷ್ಟೆ. ಸಂಸ್ಕೃತದಲ್ಲಿ ಮೊದಲಿಗೆ ಧಕಾರವಿರುವ ಕೆಲವು ಶಬ್ದಗಳಿಗೆ ಲ್ಯಾಟಿನಿನಲ್ಲಿ ಫಕಾರ ಬರುವುದು ಭಾಷಾಶಾಸ್ತ್ರಜ್ಞರಿಗೆ ತಿಳಿದ ಸಂಗತಿ. ನಮ್ಮ ‘ಧೂಮ’ ಅಲ್ಲಿ ‘ಫೂಮುಸ್’. ‘ದ್ವಾರ’ ಶಬ್ದದ ಮೂಲರೂಪದಲ್ಲಿಯೂ ಮಹಾಪ್ರಾಣವೇ ಇದ್ದಿತೆಂದು ಅವರು ಸಾಧಿಸಿ, ದ್ವಾರ, ಲ್ಯಾಟಿನಿನ ಫೊರಿಸ್, ಇಂಗ್ಲಿಷಿನ ‘ಡೋರ್’ ಈ ಮೂರನ್ನೂ ಒಂದೇ ಮನೆಯ ಮಕ್ಕಳೆಂದು ಎಣಿಸುತ್ತಾರೆ. ಪರದೇಶದವನನ್ನು ಹೇಳುವ ‘ಫಾರಿನ್’ ಎಂಬುದೂ ಈ ಕುಲದ್ದೇ. ಆದಕಾರಣ ಫಾರೆಸ್ಟೆಂದರೆ ಬಾಗಿಲ ಹೊರಗಣದು. ಫಾರಿನರನೆಂದರೆ ಬಾಗಿಲ ಹೊರಗಣವನು.

ಇಷ್ಟನ್ನು ಓದಿ, ಇದೆಲ್ಲ ಪರಕೀಯರ ಬುದ್ಧಿ, ನಮ್ಮ ಋಷಿಗಳು ಅರಣ್ಯವನ್ನು ಹೀಗೆ ಕಂಡವರಲ್ಲವೆಂದು ಹಿಗ್ಗುವವರು ಸ್ವಲ್ಪ ತಾಳಬೇಕು. ‘ಅರಣ್ಯ’ ಶಬ್ದದ ಮೂಲವೇನು? ವೇದದಲ್ಲಿ ‘ಅರಣ’ ಎಂಬ ಪದವುಂಟು. ‘ಸ್ವ’ ಎಂಬುದಕ್ಕೆ ಎದುರಾಗಿ ಅದು ಬರುತ್ತದೆ. ತನ್ನವನಲ್ಲದವನು, ದೂರದವನು, ಅನ್ಯನು ಎಂದು ಅದರ ಅರ್ಥ. ಅಂಥ ಅನ್ಯದ ಸ್ಥಳವೇ ಅರಣ್ಯ. ಯಾಸ್ಕಾಚಾರ್ಯನು ನಿರುಕ್ತದಲ್ಲಿ ಅರಣ್ಯಾನೀದೇವಿಯ ಪ್ರಸ್ತಾಪ ಬಂದಾಗ ಈ ಶಬ್ದವನ್ನು ಬಿಡಿಸುತ್ತ, ಗ್ರಾಮದಿಂದ ದೂರ ಹೋದುದರಿಂದ ಅರಣ್ಯ, ಅಥವಾ ರಮಣೀಯವಲ್ಲದುದರಿಂದ ಅರಣ್ಯ ಎಂದು ಎರಡು ನಿರ್ವಚನಗಳನ್ನು ಕೊಡುತ್ತಾನೆ. ಎರಡರಲ್ಲಿ ಯಾವುದನ್ನು ಹಿಡಿದರೂ ಮಾತನಾಡುವವನು ಗ್ರಾಮದಲ್ಲಿ ನಿಂತಿದ್ದಾನೆಂಬುದು ಸ್ಪಷ್ಟ. ಪಶುಗಳನ್ನು ಗ್ರಾಮ್ಯ, ಆರಣ್ಯ ಎಂದು ವಿಂಗಡಿಸಿದುದೂ, ಊರೊಳಗೆ ಓದಕೂಡದ ವೇದಭಾಗಕ್ಕೆ ಆರಣ್ಯಕವೆಂದು ಹೆಸರಿಟ್ಟುದೂ ಈ ದೃಷ್ಟಿಯಿಂದಲೇ. ವಾನಪ್ರಸ್ಥನು ಕೂಡ ಮನೆಯನ್ನು ಬಿಟ್ಟು ಅಲ್ಲಿಗೆ ಹೋಗುವವನೇ ಹೊರತು ಅಲ್ಲಿ ಹುಟ್ಟಿದವನಲ್ಲ. ಅಮರಸಿಂಹನು ಅರ್ಧಶ್ಲೋಕದಲ್ಲಿ ಕಾಡಿಗೆ ಆರು ಹೆಸರುಗಳನ್ನು ಜೋಡಿಸಿಕೊಟ್ಟಿದ್ದಾನೆ. ಪಾಠಶಾಲೆಯ ಹುಡುಗರು ಅದನ್ನು ಬಾಯಿಪಾಠ ಮಾಡಿ ಆರೂ ಒಂದೇ ಎಂದುಕೊಳ್ಳುತ್ತಾರೆ. ವಾಸ್ತವವಾಗಿ ‘ವನ’ ಎಂಬುದರ ಜಾಡೇ ಬೇರೆ. ಧಾತುಪಾಠದಲ್ಲಿ ವನ್ ಎಂಬ ಧಾತುವಿಗೆ ಸಂಭಕ್ತಿ ಎಂದು ಅರ್ಥ ಹೇಳಿದೆ. ಹಂಚಿಕೊಳ್ಳುವುದು, ಸೇವಿಸುವುದು ಎಂದು ಅದರ ತಾತ್ಪರ್ಯ. ಆ ಧಾತುವಿಗೂ ಈ ನಾಮಪದಕ್ಕೂ ಸಂಬಂಧವನ್ನು ಒಪ್ಪಿದರೆ, ವನವು ಹಂಚಿ ಉಣ್ಣುವ ಸ್ಥಳ, ಅರಣ್ಯವು ಅನ್ಯರ ಸ್ಥಳ. ನಮ್ಮ ಸರ್ಕಾರದವರು ಇಲಾಖೆಗೆ ಹೆಸರಿಡುವಾಗ ಎರಡನೆಯದನ್ನೇ ಆರಿಸಿಕೊಂಡರು. ಬೇಕೆಂದು ಆರಿಸಿದರೆಂದು ಹೇಳುವಂತಿಲ್ಲ.

ಕಟ್ಟಳೆಯ ವಿಷಯದಲ್ಲಿಯೂ ನಾರ್ಮನರೇ ಮೊದಲಿಗರಲ್ಲ. ಮೈಸೂರಿನ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಅಚ್ಚು ಮಾಡಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಅರಸನ ವಿಹಾರಕ್ಕಾಗಿ ಮೃಗವನವನ್ನು ಮಾಡಿಸಬೇಕೆಂದೂ, ಅದರ ಸುತ್ತ ಅಗಳು ತೋಡಿ ಒಂದೇ ದ್ವಾರವನ್ನಿಡಬೇಕೆಂದೂ, ರಾಜ್ಯದ ಅಂಚಿನಲ್ಲಿ ಹಸ್ತಿವನವನ್ನು ಕಾಯಿಸಿ ಆನೆಯನ್ನು ಕೊಂದವನಿಗೆ ಮರಣದಂಡನೆ ವಿಧಿಸಬೇಕೆಂದೂ ಹೇಳಿದೆ. ದ್ವಾರವೆಂಬ ಮಾತು ಇಲ್ಲಿಯೂ ಬಂದಿತೆಂಬುದನ್ನು ಗಮನಿಸತಕ್ಕದ್ದು.

ಹೀಗೆ ಎರಡು ದೊಡ್ಡ ಭಾಷೆಗಳು ಒಂದನ್ನೊಂದು ಕೇಳದೆ ಒಂದೇ ಮಾತನ್ನು ಆಡಿವೆ. ಕನ್ನಡವೇನು ಹೇಳುತ್ತದೆ? ‘ಕಾಡು’ ದ್ರಾವಿಡದ ಹಳೆಯ ಮಾತು. ಒಳಗು ಹೊರಗೆಂಬ ಸೂಚನೆ ಅದರಲ್ಲಿ ಇದ್ದಂತಿಲ್ಲ, ಆದರೂ ‘ನಾಡು’ ಎಂಬುದನ್ನು ಅದರ ಎದುರಿಗೆ ನಿಲ್ಲಿಸುವ ರೂಢಿಯುಂಟು. ಇದಕ್ಕಿಂತ ಸ್ವಾರಸ್ಯವಾದದ್ದು ‘ಹಾಡಿ’. ಕುಂದಾಪುರದ ಕಡೆ ಹಾಡಿಯೆಂದರೆ ಊರ ಬಳಿಯ ಕಿರುಗಾಡು, ಮರಗಳ ತೋಪು. ಹುಣಸೂರು, ಹೆಗ್ಗಡದೇವನಕೋಟೆಗಳಲ್ಲಿ ಹಾಡಿಯೆಂದರೆ ಜೇನುಕುರುಬರೂ ಬೆಟ್ಟಕುರುಬರೂ ವಾಸಿಸುವ ಊರು. ಒಂದು ಕಡೆ ಮರವಿರುವ ಸ್ಥಳ, ಇನ್ನೊಂದು ಕಡೆ ಮನೆಯಿರುವ ಸ್ಥಳ. ಇದು ಎರಡು ಮೂಲಗಳ ಎರಡು ಶಬ್ದವೆಂದು ಯಾರಾದರೂ ವಾದಿಸಬಹುದು, ವಾದಿಸಲಿ. ಹಾಡಿಯಲ್ಲಿ ಹುಟ್ಟಿದವನಿಗೆ ಮನೆಯ ಬಾಗಿಲನ್ನು ತೆರೆದಾಗ ಎದುರಿಗೆ ಕಾಣುವುದು ‘ಹೊರಗು’ ಅಲ್ಲವೆಂಬುದಂತೂ ನಿಜ. ಗೆಡ್ಡೆಯನ್ನು ಅಗೆಯುವ ಸ್ಥಳ, ಜೇನಿಳಿಸುವ ಮರ, ಸತ್ತವರನ್ನು ಹೂಳಿದ ಎಡೆ, ದೇವರ ಕಲ್ಲು ಎಲ್ಲವೂ ಅಲ್ಲಿಯೇ. ಅವನಿಗೆ ಹೊರಗೆಂದರೆ ಕೃಷ್ಣರಾಜನಗರದ ಗದ್ದೆಬಯಲು.

ಇಲ್ಲಿ ಹುಟ್ಟುವ ಧರ್ಮಪ್ರಶ್ನೆ ಇದು. ಊರಿನವನು ತನ್ನ ಜಗಲಿಯ ಮೇಲೆ ಕುಳಿತು ಕಾಡನ್ನು ‘ಆಚೆ’ ಎಂದರೆ ಅದರಲ್ಲಿ ಸುಳ್ಳೇನೂ ಇಲ್ಲ. ಎಲ್ಲರೂ ತಾವಿರುವ ಕಡೆಯಿಂದಲೇ ದಿಕ್ಕನ್ನು ಹೇಳುವವರು. ಆದರೆ ಆ ‘ಆಚೆ’ ಎಂಬ ಮಾತನ್ನೇ ಕಾಯಿದೆಯಾಗಿ ಬರೆದು, ಆಚೆಯಲ್ಲಿಯೇ ಮನೆಮಾಡಿದವನಿಗೂ ಅನ್ವಯಿಸಿದರೆ, ಅವನು ತನ್ನ ಮನೆಯೊಳಗಿದ್ದುಕೊಂಡೇ ಹೊರಗಿನವನಾಗುತ್ತಾನೆ. ಇದು ನ್ಯಾಯವೆ?

ಮೈಸೂರು ಸೀಮೆಯಲ್ಲಿ ಅರಣ್ಯ ಇಲಾಖೆ ಸ್ಥಾಪಿತವಾದುದು 1864ರಲ್ಲಿ. 1900ರಲ್ಲಿ ಸಂಸ್ಥಾನದ್ದೇ ಆದ ಅರಣ್ಯ ರೆಗ್ಯುಲೇಷನ್ ಬಂದಿತು. ಅರಸರ ಕಾಲದಲ್ಲಿ ಕಾಡಿನ ಜನರ ಅಗತ್ಯವೂ ಇತ್ತೆಂಬುದನ್ನು ಮರೆಯಕೂಡದು. ಕಾಕನಕೋಟೆಯ ಖೆಡ್ಡಾಗಳಲ್ಲಿ ಆನೆಯ ಜಾಡು ಹಿಡಿದವರು, ಹಿಂಡನ್ನು ಹೊಳೆಗೆ ಅಟ್ಟಿದವರು ಕುರುಬರು. ನೋಡಿ ಸಂತೋಷಪಟ್ಟವರು 1906ರ ವೇಲ್ಸ್ ರಾಜಕುಮಾರನೇ ಮೊದಲಾದ ಅತಿಥಿಗಳು. 1955ರಲ್ಲಿ ನಾಗರಹೊಳೆಯು ವನ್ಯಜೀವಿಧಾಮವಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ, 1980ರ ದಶಕದಲ್ಲಿ, ಅದು ರಾಷ್ಟ್ರೀಯ ಉದ್ಯಾನವೆನಿಸಿತು. ನಡುವೆ 1974ರಲ್ಲಿ ಬೀಚನಹಳ್ಳಿಯ ಬಳಿ ಕಬಿನಿಗೆ ಅಣೆಕಟ್ಟು ಮುಗಿದು, ಕಾಡನ್ನೂ ಹಳ್ಳಿಗಳನ್ನೂ ಹಾಡಿಗಳನ್ನೂ ಖೆಡ್ಡಾ ನಡೆದ ಹೊಳೆಯ ದಡವನ್ನೂ ಒಟ್ಟಿಗೆ ಮುಳುಗಿಸಿತು. ಹಾಡಿಗಳು ಒಂದೊಂದಾಗಿ ಅಂಚಿಗೆ ಸರಿದುವು. ಕೆಲವರನ್ನು ಎಬ್ಬಿಸಿದರು, ಕೆಲವರು ಬೇಟೆ, ಬೇಸಾಯ, ಮೇವು ಯಾವುದಕ್ಕೂ ಎಡೆಯಿಲ್ಲದೆ ತಾವೇ ಎದ್ದು ಕೊಡಗಿನ ಕಾಫಿತೋಟಗಳ ಲೈನುಮನೆಗಳನ್ನು ಸೇರಿದರು, ಕೆಲವರಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಂಥ ಪುನರ್ವಸತಿಗಳಲ್ಲಿ ಮನೆಯೂ ಜಮೀನೂ ದೊರೆತುವು. ಅದೇ ಉದ್ಯಾನದೊಳಗೆ, ಮೂರ್ಕಲ್ಲಿನಲ್ಲಿ, 1990ರ ದಶಕದಲ್ಲಿ ಪ್ರವಾಸಿಗರಿಗೆ ಹೋಟೆಲು ಕಟ್ಟಿಸುವ ಏರ್ಪಾಡು ನಡೆದಿತ್ತು. ಆದಿವಾಸಿಗಳು ಹೈಕೋರ್ಟಿಗೆ ಹೋದರು; 1997ರಲ್ಲಿ ತೀರ್ಪು ಅವರ ಕಡೆಗೆ ಆಯಿತು. ಕಾಡು ಮನುಷ್ಯವಾಸಕ್ಕೆ ತಕ್ಕುದಲ್ಲವೆಂದು ಹೇಳಿದವರೇ ಅಲ್ಲಿ ಅತಿಥಿಗಳಿಗೆ ಕೊಠಡಿಗಳನ್ನು ಎಣಿಸುತ್ತಿದ್ದರೆಂಬುದು ವಿಚಿತ್ರವಾಗಿ ತೋರಿದರೆ ತಪ್ಪಲ್ಲ.

ಫಾರೆಸ್ಟು, ಫಾರಿನ್ ಎಂಬ ದಾಯಾದಿ ಶಬ್ದಗಳೆರಡೂ ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ಒಂದೆಡೆ ಕೂಡಿದುದೂ ಉಂಟು. ಟಿಬೆಟ್ಟಿನಿಂದ ಓಡಿಬಂದ ನಿರಾಶ್ರಿತರಿಗೆ 1960ರ ಸುಮಾರಿನಲ್ಲಿ ಮೈಸೂರು ರಾಜ್ಯಸರ್ಕಾರವು ಬೈಲಕುಪ್ಪೆಯಲ್ಲಿ ಹತ್ತಿರ ಹತ್ತಿರ 3,000 ಎಕರೆ ಭೂಮಿಯನ್ನು ಕೊಟ್ಟಿತು. ಕಾಡು ಕಡಿದು, ಆನೆಗಳೊಡನೆ ಹೆಣಗಿ, ಆ ಜನರು ಅಲ್ಲಿ ಜೋಳ ಬೆಳೆದು ಮಠಗಳನ್ನು ಕಟ್ಟಿದರು. ದೇಶಭ್ರಷ್ಟರಿಗೆ ನೆಲೆ ಕೊಟ್ಟುದು ಈ ನಾಡಿಗೆ ಗೌರವವೇ. ಅದರಲ್ಲಿ ಎರಡು ಮಾತಿಲ್ಲ. ಆದರೆ ಪರದೇಶದವನಿಗೆ ಕಾಡಿನಲ್ಲಿ ಜಾಗ ಕೊಡುವ ಮನಸ್ಸು ಇದ್ದ ಸರ್ಕಾರಗಳಿಗೆ ಕಾಡಿನಲ್ಲಿಯೇ ಹುಟ್ಟಿದವನ ಜಾಗವನ್ನು ಒಪ್ಪಿಕೊಳ್ಳುವುದು ಏಕೆ ಅಷ್ಟು ಕಷ್ಟವಾಯಿತೆಂದು ಕೇಳಬೇಕಾಗುತ್ತದೆ. ಬಂದವನು ಕೇಳಿದುದನ್ನು ದಾನವೆಂದು ಕೊಡಬಹುದು. ಇದ್ದವನು ಕೇಳುವುದು ದಾನವನ್ನಲ್ಲವಾದ್ದರಿಂದ ಇರಬಹುದೆ?

ಪ್ರತಿವಾದಿಯ ಮಾತನ್ನೂ ಕೇಳತಕ್ಕದ್ದು, ಮತ್ತು ಅದು ಹಗುರವಾದದ್ದಲ್ಲ. ಬೇಲಿ ಹಾಕದೆ ಹೋಗಿದ್ದರೆ ನಾಗರಹೊಳೆ ಉಳಿಯುತ್ತಿತ್ತೆ? ಬೇಸಗೆಯಲ್ಲಿ ಕಬಿನಿಯ ಹಿನ್ನೀರಿನ ಹುಲ್ಲಿಗೆ ನೂರಾರು ಆನೆಗಳು ಇಳಿಯುವುದು, ಹುಲಿಯ ಹೆಜ್ಜೆ ಕಾಣುವುದು, ಆ ಕಟ್ಟಳೆಯಿಂದಲೇ. ಇದಕ್ಕೆ ಉತ್ತರವಾಗಿ, ಕಾಡನ್ನು ಕಡಿದವರು ಹಾಡಿಯವರಲ್ಲ ಎಂದು ಒಮ್ಮೆಗೇ ಹೇಳಿಬಿಡುವುದು ಸುಲಭ. ಅದು ಬಹುಮಟ್ಟಿಗೆ ಸತ್ಯವೂ ಹೌದು. ತೇಗವನ್ನು ನಾಟಿಮಾಡಲು ಹಳೆಯ ಕಾಡನ್ನು ಕೆಡವಿದುದು ಇಲಾಖೆಯೇ. ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪಿನ ಬ್ಯಾರನ್ನುಗಳಲ್ಲಿ ಎಲೆಯನ್ನು ಹದಮಾಡಲು ವರ್ಷವರ್ಷವೂ ಉರಿದ ಸೌದೆಯ ಲೆಕ್ಕವನ್ನು ಊರವರು ತಮ್ಮ ಮನಸ್ಸಿಗೇ ಹೇಳಿಕೊಳ್ಳುವುದಿಲ್ಲ. ಆದರೂ ಇಷ್ಟರಿಂದ ವಾದವು ಮುಗಿಯಲಿಲ್ಲ. ಇಂದಿನ ಹಾಡಿಯವನಿಗೂ ರಸ್ತೆ, ಶಾಲೆ, ಆಸ್ಪತ್ರೆ ಬೇಕು, ಕೊಡಬೇಕಾದದ್ದು ನ್ಯಾಯ, ಕೊಟ್ಟಲ್ಲಿ ಕಾಡು ಹಿಂದಿನಂತಿರುವುದಿಲ್ಲ. ಹುಲಿಯ ಪಕ್ಷದಲ್ಲಿ ಮಾತನಾಡುವವರು ಯಾರಾದರೂ ಇರಲೇಬೇಕು, ಅದಕ್ಕೆ ಬಾಯಿಲ್ಲವಷ್ಟೆ. ಆದಕಾರಣ ಇಲ್ಲಿ ಆಕ್ಷೇಪವಿರುವುದು ಕಾವಲಿನ ಮೇಲಲ್ಲ. ಕಾವಲುಗಾರನನ್ನು ಆರಿಸುವಾಗ ಒಳಗಿದ್ದವನನ್ನು ಕೇಳಲಿಲ್ಲವೆಂಬುದರ ಮೇಲೆ, ಅವನನ್ನು ಕಳ್ಳನ ಸಾಲಿನಲ್ಲಿ ನಿಲ್ಲಿಸಿದುದರ ಮೇಲೆ.

ರೂಢಿಯು ಯೋಗಾರ್ಥವನ್ನು ಅಪಹರಿಸುತ್ತದೆಯೆಂಬ ನ್ಯಾಯವನ್ನು ಬಲ್ಲ ಪಂಡಿತರು ಬೇರೊಂದು ಆಕ್ಷೇಪವನ್ನು ತರಬಹುದು. ದರ್ಭೆಯನ್ನು ತರುವವನೆಂಬ ಅರ್ಥವನ್ನು ಬಿಟ್ಟು ‘ಕುಶಲ’ನು ನಿಪುಣನಾಗಲಿಲ್ಲವೆ? ಹಾಗೆಯೇ ಫಾರೆಸ್ಟು ಇಂದು ಮರಗಳ ಸಮೂಹ; ಸತ್ತ ಅರ್ಥವನ್ನು ಅಗೆಯುವುದೇಕೆ? ಸತ್ತಿದ್ದರೆ ಅಗೆಯಬೇಕಾಗಿರಲಿಲ್ಲ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು, ಫಾರೆಸ್ಟೆಂಬ ಪದವನ್ನು ಅದರ ನಿಘಂಟಿನ ಅರ್ಥದಲ್ಲಿಯೇ ತಿಳಿಯಬೇಕು, ಭೂಮಿ ಯಾರ ಒಡೆತನದಲ್ಲಿದ್ದರೂ ಸರಿ, ಎಂದು ಅಪ್ಪಣೆ ಮಾಡಿತು. ಒಂದು ಶಬ್ದಾರ್ಥದ ಮೇಲೆ ಇಡೀ ದೇಶದ ನೆಲದ ವ್ಯವಹಾರ ನಿಂತಿತು. 2023ರಲ್ಲಿ ಸಂಸತ್ತು ತಿದ್ದುಪಡಿ ತಂದು ಆ ವಿಸ್ತಾರವನ್ನು ಕುಗ್ಗಿಸಿ, ಕಾಯಿದೆಯ ಹೆಸರಿನಲ್ಲಿ ಫಾರೆಸ್ಟನ್ನು ತೆಗೆದು ‘ವನ’ವನ್ನು ಇಟ್ಟಿತು; 2024ರ ಫೆಬ್ರವರಿಯಲ್ಲಿ ಕೋರ್ಟು, ಸದ್ಯಕ್ಕೆ ಹಳೆಯ ನಿಘಂಟಿನ ಅರ್ಥವೇ ನಡೆಯಲೆಂದಿತು. ಹೀಗೆ ದಿಲ್ಲಿಯಲ್ಲಿ ಫಾರೆಸ್ಟೆಂದರೆ ಮರವೋ ಕಾಗದವೋ ಎಂಬ ಚರ್ಚೆ ನಡೆದೇ ಇದೆ. ಕಾಗದವೆಂಬುದು ಹೆಗ್ಗಡದೇವನಕೋಟೆಯಲ್ಲಿ ಬಹುಕಾಲದಿಂದ ತಿಳಿದಿತ್ತು.

ಈ ನಡುವೆ 2006ರಲ್ಲಿ ಅರಣ್ಯವಾಸಿಗಳ ಹಕ್ಕನ್ನು ಮಾನ್ಯಮಾಡುವ ಕಾಯಿದೆಯೂ ಬಂದಿತು. ಹಿಂದೆ ಅನ್ಯಾಯವಾಯಿತೆಂದು ಅದರ ಪೀಠಿಕೆಯಲ್ಲಿಯೇ ಒಪ್ಪಿಕೊಂಡಿದೆ. ಕಾಯಿದೆಗಳಲ್ಲಿ ಇಂಥ ಮಾತು ಅಪೂರ್ವ. ‘ಅರಣ್ಯವಾಸಿ’ ಎಂಬುದನ್ನು ಯಾಸ್ಕನ ರೀತಿಯಲ್ಲಿ ಬಿಡಿಸಿದರೆ ‘ಊರಿನಿಂದ ದೂರವಾದುದರಲ್ಲಿ ವಾಸಿಸುವವನು’ ಎಂದಾಗುತ್ತದೆ. ಯಾರ ಊರಿನಿಂದ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ಹಕ್ಕನ್ನು ಪಡೆಯಲು ಅವನು ತಾನು ಅಲ್ಲಿದ್ದನೆಂಬುದಕ್ಕೆ ಸಾಕ್ಷ್ಯ ತೋರಿಸಬೇಕು. ಗೋರಿಯೂ ದೇವರ ಕಲ್ಲೂ ಬೇಲಿಯೊಳಗಿವೆ. 2025ರ ಮೇ ತಿಂಗಳಲ್ಲಿ ಐವತ್ತರಷ್ಟು ಜೇನುಕುರುಬ ಕುಟುಂಬಗಳು ನಾಗರಹೊಳೆಯ ಕೊಡಗಿನ ಭಾಗದಲ್ಲಿ ತಮ್ಮ ಹಿರಿಯರದೆಂದು ಹೇಳುವ ಹಾಡಿಗೆ ಮರಳಿ, ಕಡ್ಡಿ ಹೊದಿಕೆಗಳಿಂದ ಗುಡಿಸಲು ಹಾಕಿದುವು. ಅವರು ಅದನ್ನು ಮನೆಗೆ ಬಂದುದೆಂದರು. ಇಲಾಖೆಯವರು ಅದನ್ನು ಅತಿಕ್ರಮಣವೆಂದರು.

ಪ್ರತಿವರ್ಷವೂ ದಸರೆಗೆ ಮೊದಲು ಹುಣಸೂರು ತಾಲ್ಲೂಕಿನ ವೀರನಹೊಸಹಳ್ಳಿಯಲ್ಲಿ, ನಾಗರಹೊಳೆಯ ದ್ವಾರದ ಬಳಿ, ಗಜಪಯಣವೆಂಬ ಉತ್ಸವ ನಡೆಯುತ್ತದೆ. ಮಂತ್ರಿಗಳು ಬಂದು ಆನೆಗಳಿಗೆ ಹೂವೆರಚಿ ಮೈಸೂರಿಗೆ ಕಳುಹಿಸಿಕೊಡುತ್ತಾರೆ. ಆನೆಯ ಕೊರಳ ಮೇಲೆ ಕುಳಿತಿರುವ ಮಾವುತರಲ್ಲಿಯೂ ಕೆಳಗೆ ನಡೆಯುವ ಕಾವಾಡಿಗಳಲ್ಲಿಯೂ ಅನೇಕರು ಜೇನುಕುರುಬರು. ಅವರ ಹೆಂಡಿರು ಮಕ್ಕಳು ಪಾತ್ರೆಗಂಟುಗಳೊಡನೆ ಹಿಂದಿನಿಂದ ಲಾರಿಯಲ್ಲಿ ಹೋಗುತ್ತಾರೆ. ಹಬ್ಬ ಮುಗಿದ ಮೇಲೆ ಆನೆಗಳು ಕಾಡಿನ ಬಿಡಾರಗಳಿಗೆ ಹಿಂದಿರುಗುತ್ತವೆ, ಅವರೂ ಅವುಗಳೊಡನೆ ಹಿಂದಿರುಗುತ್ತಾರೆ. ಆ ದ್ವಾರವನ್ನು ಸಂಜೆ ಆರು ಗಂಟೆಗೆ ಮುಚ್ಚಿ ಬೆಳಗ್ಗೆ ಆರಕ್ಕೆ ತೆರೆಯುವುದು ವಾಡಿಕೆ.